ಮೂರನೇ ಪಾರ್ಕಿಗೆ ಹೋಗದ ರೈಲು

ಸೇಂಟ್ ಕ್ಲೌಡ್, ಫ್ಲಾರಿಡಾ
9 ಫೆಬ್ರವರಿ 1992

ಕೋರಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನೀನೇ ಹೇಳಿ ಮುಗಿಸುತ್ತೀಯ. ಕಾಗದದಲ್ಲಿ ನಿನ್ನ ಆ ಆಟ ನಡೆಯುವುದಿಲ್ಲ.

ನಿನ್ನೆ ಬೆಳಗ್ಗೆ ನಾನು ರೈಲಿನ ಹೊಟ್ಟೆಯ ಕೆಳಗೆ ಮಲಗಿ ಟೈರು ಬಿಚ್ಚುತ್ತಿದ್ದೆ. ನಮ್ಮ ಫೋರ್‌ಮನ್ ಹೋಬರ್ಟ್ ಒಂದು ಹಾಳೆ ಹಿಡಿದುಕೊಂಡು ಬಂದ. "ನಮ್ಮ ರೈಲನ್ನ ಮೂರನೇ ಪಾರ್ಕಿನ ತನಕ ಎಳೀಬೇಕೋ ಬೇಡವೋ ಅಂತ ನೋಡೋಕೆ ಅಟ್ಲಾಂಟಾದಿಂದ ಎಂಜಿನಿಯರಮ್ಮ ಬರ್ತಾಳಂತೆ. ಕೋರಾ ಪ್ಲ್ಯಾಟ್ ಅಂತೆ. ನಿನಗೇನಾದ್ರೂ ಆಗಬೇಕಾ?" ಅಂದ. "ತಂಗಿ" ಅಂದೆ. ಅವನು ಹಾಳೆಯನ್ನೊಮ್ಮೆ ನೋಡಿದ, ಗ್ರೀಸು ಮೆತ್ತಿದ ನನ್ನ ಬೂಟನ್ನೊಮ್ಮೆ ನೋಡಿದ. "ಇಬ್ರೂ ಒಂದೇ ತಾಯಿ ಮಕ್ಕಳೇನಮ್ಮಾ?" ಅಂತ ನಕ್ಕ. ಅವನ ಜೊತೆ ಇಡೀ ವರ್ಕ್‌ಶಾಪು ನಕ್ಕಿತು.

ಮನೆಗೆ ಬಂದು ಡಾರ್ಲಾಗೆ ಹೇಳಿದರೆ ಅವಳಿಗೆ ಹೋದ ತಿಂಗಳೇ ಗೊತ್ತಿತ್ತಂತೆ. ಅದೇ ರೈಲು ಓಡಿಸುವ ನನ್ನ ಮಗಳಿಗೆ ಫೋನ್ ಮಾಡಿ ಹೇಳಿದ್ದೀಯ. ನನಗಿಲ್ಲ.

1975ರಲ್ಲಿ ಈ ರೆಸಾರ್ಟಿನಲ್ಲಿ ಬೋಗಿ ಗುಡಿಸುವುದಕ್ಕೆ ಸೇರಿದವಳು ನಾನು. ಕಾಂಕ್ರೀಟ್ ತೊಲೆಯ ಮೇಲೆ ಕುದುರೆ ಏರಿದ ಹಾಗೆ ಕೂತು ರಬ್ಬರ್ ಟೈರಿನಲ್ಲಿ ಓಡುವ ಈ ಮಾನೊರೈಲಿನ ಒಂದೊಂದು ಬೋಲ್ಟಿಗೂ ನನ್ನ ಕೈ ಗೊತ್ತು. ಹೋಟೆಲುಗಳಿಂದ ಎರಡು ಆಟದ ಪಾರ್ಕಿಗೆ ಅದು ಹೋಗುತ್ತೆ. ಮೂರನೆಯದು ತೆರೆದು ಮೂರು ವರ್ಷವಾಯಿತು, ಅಲ್ಲಿಗೆ ಮಾತ್ರ ಬಸ್ಸು. ಇವತ್ತಲ್ಲ ನಾಳೆ ನಮ್ಮ ತೊಲೆ ನಡುವಿನ ಜೌಗು ದಾಟುತ್ತೆ ಅಂತ ಕಾಯುತ್ತಾ ಇದ್ದೇನೆ. ಬೇಕು ಅನ್ನುವವರೋ ಬೇಡ ಅನ್ನುವವರೋ, ಯಾರಾದರೂ ಬರಲಿ. ಆದರೆ ನೀನೇ ಯಾಕೆ? ಕಾಲೇಜು ನಿನಗೆ ಸಿಕ್ಕಿತು, ಊರು ಬಿಟ್ಟು ಹೋಗುವ ಭಾಗ್ಯ ನಿನಗೆ ಸಿಕ್ಕಿತು. ಈ ರೈಲೊಂದು ನನ್ನದು ಅಂತ ಇತ್ತು.

ನಡೀನ್

*

ಅಟ್ಲಾಂಟಾ
20 ಫೆಬ್ರವರಿ 1992

ಪ್ರೀತಿಯ ನಡೀನ್,

ನಿನಗೆ ಮೊದಲು ಹೇಳಬೇಕಿತ್ತು, ತಪ್ಪಾಯಿತು. ಹೇಳಿದರೆ ನೀನು "ಬರಬೇಡ" ಅನ್ನುತ್ತೀಯ ಅಂತ ಹೆದರಿ ಡಾರ್ಲಾಗೆ ಹೇಳಿದೆ. ಈ ಕೆಲಸವನ್ನು ನಾನು ಕೇಳಿ ಪಡೆದದ್ದಲ್ಲ. ಬಂದಾಗ ಬಿಡಲಾಗಲಿಲ್ಲ.

ಮಾರ್ಚ್ ಕೊನೆಯ ವಾರ ಬರುತ್ತೇನೆ. ರೆಸಾರ್ಟಿನ ಹೋಟೆಲಿನಲ್ಲೇ ಉಳಿಯುತ್ತೇನೆ, ನಿನಗೆ ತೊಂದರೆ ಕೊಡುವುದಿಲ್ಲ. ಎರಡು ಸಹಾಯ ಬೇಕು. ಬೆಳಗಿನ ಹೊತ್ತು ಹೋಟೆಲಿನ ಬಾಗಿಲಲ್ಲಿ ನಿಂತು, ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಎಣಿಸಬೇಕು. ಅದಕ್ಕೆ ಡಾರ್ಲಾಳನ್ನು ಕಳಿಸುತ್ತೀಯಾ? ಇನ್ನೊಂದು, ಯಾವ ರೈಲಿನಿಂದ ಏನು ಕಿತ್ತು ಯಾವುದಕ್ಕೆ ಹಾಕಿದೆ ಅಂತ ನೀನೊಂದು ಪುಸ್ತಕದಲ್ಲಿ ಬರೆದಿಡುತ್ತೀಯಂತೆ. ಮೇಲಿನವರು ನನಗೆ ಕೊಟ್ಟ ಕಾಗದಗಳಲ್ಲಿ ಹತ್ತು ರೈಲೂ ಗುಂಡುಕಲ್ಲಿನ ಹಾಗಿವೆ. ನನಗೆ ನಂಬಿಕೆ ಬರುತ್ತಿಲ್ಲ. ಆ ಪುಸ್ತಕ ನೋಡಬೇಕು.

ಕೋರಾ

*

ಸೇಂಟ್ ಕ್ಲೌಡ್
5 ಏಪ್ರಿಲ್ 1992

ಕೋರಾ,

ನೀನು ಬಂದು ಹೋದೆ. ಮನೆಯಲ್ಲಿ ಇನ್ನೂ ನಿನ್ನದೇ ಸುದ್ದಿ.

ಆ ಭಾನುವಾರದ ಊಟ ನಿನಗೆ ಹೇಗೆ ನೆನಪಿದೆಯೋ ಗೊತ್ತಿಲ್ಲ, ನನಗೆ ಹೇಗೆ ನೆನಪಿದೆ ಅಂತ ಬರೆಯುತ್ತೇನೆ. ಮಧ್ಯಾಹ್ನವೆಲ್ಲ ಒಲೆಯ ಮುಂದೆ ನಿಂತು ಮೀನು ಕರಿದವಳು ನಾನು, ಮೆಕ್ಕೆಜೋಳದ ರೊಟ್ಟಿ ಬೇಯಿಸಿದವಳು ನಾನು. ನೀನು ತಂದದ್ದು ಅಂಗಡಿಯ ನಿಂಬೆ ಕೇಕು. ಡಾರ್ಲಾ ಎರಡು ಸಲ ಹಾಕಿಸಿಕೊಂಡದ್ದು ಕೇಕನ್ನೇ.

"ಅಮ್ಮಾ, ಚಿಕ್ಕಮ್ಮ ಇವತ್ತು ಮುಂದಿನ ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಕೂತಿದ್ರು. ನಾನು ರೈಲು ನಿಲ್ಲಿಸಿದ್ದು ನೋಡಿ, 'ಎಷ್ಟು ನಾಜೂಕಾಗಿ ನಿಲ್ಲಿಸ್ತೀಯೇ ಹುಡುಗಿ, ಲೋಟದ ನೀರೂ ತುಳುಕಲ್ಲ' ಅಂದ್ರು. ನೀನು ಯಾವತ್ತಾದ್ರೂ ಹಾಗಂದಿದ್ದೀಯಾ?" ಅಂತ ಕೇಳಿದಳು.

"ಬ್ರೇಕು ಕಟ್ಟಿರೋದು ಯಾರು? ನಾನು. ಅದಕ್ಕೇ ನಿಲ್ಲುತ್ತೆ" ಅಂದೆ.

ನೀನು ನಕ್ಕೆ. ಅವಳೂ ನಿನ್ನ ಮುಖ ನೋಡಿಕೊಂಡು ನಕ್ಕಳು. ಒಂದೇ ಥರ, ತುಟಿಯ ಒಂದು ಕೊನೆ ಮೇಲಕ್ಕೆತ್ತಿ. ಹೆತ್ತವಳು ನಾನು, ನಗು ನಿನ್ನದು.

ಮೂರು ದಿನ ನಿನ್ನ ಜೊತೆ ಹೋಟೆಲಿನ ಬಾಗಿಲಲ್ಲಿ ತಲೆ ಎಣಿಸಿ ಬಂದವಳು ಈಗ ನನಗೆ ಪಾಠ ಹೇಳುತ್ತಾಳೆ. "ಅಮ್ಮಾ, ಸುಮ್ನೆ ಕನಸು ಕಾಣಬೇಡ. ಚಿಕ್ಕಮ್ಮ ಹೇಳೋದ್ರಲ್ಲಿ ಅರ್ಥ ಇದೆ." ಇಪ್ಪತ್ತೊಂದು ವರ್ಷ ನನ್ನ ಮಾತಿನಲ್ಲಿ ಕಾಣದ ಅರ್ಥ ನಿನ್ನದರಲ್ಲಿ ಮೂರೇ ದಿನಕ್ಕೆ ಕಂಡಿತು.

ಜೌಗಿನಲ್ಲಿ ತೊಲೆಯ ಕೆಳಗೆ ಓಡಾಡಿ ಬಂದರೂ ನಿನ್ನ ಬಿಳಿ ಅಂಗಿಗೆ ಒಂದು ಚುಕ್ಕೆ ಕೆಸರು ಹತ್ತಿರಲಿಲ್ಲ. ಅದು ಹೇಗೆ ಅಂತ ಇವತ್ತಿಗೂ ಯೋಚಿಸುತ್ತಿದ್ದೇನೆ.

ಪುಸ್ತಕ ಕೊಡುವುದಿಲ್ಲ. ಅದನ್ನು ನನಗೋಸ್ಕರ ಬರೆದದ್ದು, ಅಟ್ಲಾಂಟಾಗೋಸ್ಕರ ಅಲ್ಲ. ಅಂಥದೊಂದು ಪುಸ್ತಕ ಇದೆ ಅಂತ ನಿನಗೆ ಹೇಳಿದ ಡಾರ್ಲಾಳನ್ನೇ ಕೇಳಿಕೋ.

ನಡೀನ್

*

ಅಟ್ಲಾಂಟಾ
17 ಮೇ 1992

ನಡೀನ್,

ಹೋದ ವಾರ ರೆಸಾರ್ಟಿನವರು ನನ್ನನ್ನು ಕರೆದು ಒಂದು ಪತ್ರ ತೋರಿಸಿದರು. ಸಹಿ ಇಲ್ಲ, ಟೈಪ್ ಮಾಡಿದ್ದು. ಈ ಕೋರಾ ಪ್ಲ್ಯಾಟ್ ಎಂಬುವಳ ಅಕ್ಕ ನಿಮ್ಮ ವರ್ಕ್‌ಶಾಪಿನಲ್ಲೇ ಇದ್ದಾಳೆ, ಇವಳ ವರದಿಯನ್ನು ನಂಬಬೇಡಿ, ಬೇರೆಯವರನ್ನು ಕರೆಸಿ ಅಂತ ಇತ್ತು. ಅದು ಅವರಿಗೆ ಹೊಸ ಸುದ್ದಿಯಲ್ಲ. ಕೆಲಸ ಒಪ್ಪಿಕೊಂಡ ದಿನವೇ ನಾನದನ್ನು ಹೇಳಿ, ಕಾಗದದಲ್ಲೂ ಬರೆದುಕೊಟ್ಟಿದ್ದೆ.

ಪತ್ರದ ಕೊನೆಯ ಸಾಲು ಮಾತ್ರ ನನಗೆ ಹೊಸದು: "ಇವಳು ಒಂಬತ್ತನೇ ತರಗತಿಯಲ್ಲಿ ರೇಖಾಗಣಿತದಲ್ಲಿ ಫೇಲಾದವಳು."

ಅಮ್ಮನಿಗೂ ಗೊತ್ತಿಲ್ಲದ ವಿಷಯ ಅದು. ಆವತ್ತು ಅಂಕಪಟ್ಟಿಗೆ ಅಮ್ಮನ ಹೆಸರಿನಲ್ಲಿ ಸಹಿ ಹಾಕಿಕೊಟ್ಟವಳು ಹದಿನೆಂಟು ವರ್ಷದ ನೀನು. ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಅಪ್ಪನ ಕಿತ್ತಳೆ ತೋಟ ಸತ್ತ ಮೇಲೆ, ಶಾಲೆ ಬಿಟ್ಟು ಹಣ್ಣು ಕಟ್ಟುವ ಷೆಡ್ಡಿಗೆ ಹೋಗುತ್ತಿದ್ದೆ ನೀನು. ಸಹಿ ಹಾಕಿ, "ಮುಂದಿನ ಸಲ ಪಾಸಾಗು ಕತ್ತೆ, ಇಲ್ಲಾಂದ್ರೆ ನನ್ನ ಪಕ್ಕದಲ್ಲಿ ನಿಂತು ಹಣ್ಣು ಕಟ್ಟಬೇಕಾಗುತ್ತೆ" ಅಂದಿದ್ದೆ. ನಾನು ಪಾಸಾದೆ.

ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುವುದಿಲ್ಲ. ನಿನ್ನ ರೈಲಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ನೀನು ಒಮ್ಮೆಯೂ ಕೇಳಲಿಲ್ಲ.

ನಾನೂ ಡಾರ್ಲಾಳೂ ಮೂರು ಬೆಳಗ್ಗೆ ಎಣಿಸಿದೆವು. ಒಂದು ಹೋಟೆಲಿನಿಂದ ಹೊರಟ ನೂರು ಜನರಲ್ಲಿ ಮೂರನೇ ಪಾರ್ಕಿಗೆ ಹೋದವರು ಹದಿನೆಂಟು. ಉಳಿದವರು ಹತ್ತು ದಿಕ್ಕಿಗೆ. ರೈಲಿಗೆ ಒಂದೇ ದಿಕ್ಕು ಗೊತ್ತು. ಬಸ್ಸಿಗೆ ನಾಳೆ ಬೇರೆ ದಾರಿ ತೋರಿಸಬಹುದು. ತೊಲೆಯನ್ನು ಒಮ್ಮೆ ನೆಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ.

ಜೌಗಿನಲ್ಲಿ ಒಂದೊಂದು ಕಂಬಕ್ಕೂ ಐವತ್ತು ಅಡಿ ಕೆಳಗೆ ಹೋಗದೆ ಗಟ್ಟಿ ನೆಲ ಸಿಗುವುದಿಲ್ಲ. ಹೊಸ ತೊಲೆಯನ್ನು ಹಳೆಯದಕ್ಕೆ ಕೂಡಿಸಬೇಕಾದರೆ ಹಳೆಯ ರೈಲನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕು. ಅಷ್ಟು ದಿನ ಆ ಜನರನ್ನು ಯಾರು ಹೊರುತ್ತಾರೆ? ಬಸ್ಸುಗಳೇ. ಬಸ್ಸು ಅಷ್ಟು ಚೆನ್ನಾಗಿ ಹೊತ್ತರೆ, ರೈಲೇಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ರೈಲು ಕೆಟ್ಟು ನಿಂತರೆ ಹಿಂದಿನದಕ್ಕೆ ಪಕ್ಕಕ್ಕೆ ಸರಿದು ಹೋಗುವ ದಾರಿಯಿಲ್ಲ. ದಾರಿ ಉದ್ದವಾದಷ್ಟೂ ನಿಲ್ಲುವ ರೈಲುಗಳ ಸಾಲು ಉದ್ದ. ಈ ರೈಲು ಮಾಡಿಕೊಟ್ಟ ಕಾರ್ಖಾನೆ ಮುಚ್ಚಿ ಎಂಟು ವರ್ಷವಾಯಿತು. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಇವೆಲ್ಲಕ್ಕಿಂತ ದೊಡ್ಡ ಕಾರಣ, ಮೇಲಿನವರು ಬಾಯಿಬಿಟ್ಟು ಹೇಳದೆ ಇರುವುದು. ಹೊಸ ಆಟವೊಂದನ್ನು ಕಟ್ಟಿದರೆ ಅದನ್ನು ನೋಡಲು ಹೊಸ ಜನ ಬರುತ್ತಾರೆ. ರೈಲು ಬಂದವರನ್ನು ಸಾಗಿಸುತ್ತೆ, ಯಾರನ್ನೂ ಕರೆತರುವುದಿಲ್ಲ.

ಅದಕ್ಕೇ ನಾನು "ಬೇಡ" ಅಂತ ಬರೆಯುತ್ತೇನೆ. ನಿನ್ನನ್ನು ನೋಯಿಸಲು ಅಲ್ಲ.

ಕೋರಾ

*

ಸೇಂಟ್ ಕ್ಲೌಡ್
25 ಮೇ 1992

ಕೋರಾ,

ಹೌದು, ನಾನೇ.

ಮಧ್ಯಾಹ್ನದ ಬಿಡುವಿನಲ್ಲಿ ಹೋಬರ್ಟನ ಟೈಪ್‌ರೈಟರಿನಲ್ಲಿ ಕುಟ್ಟಿದೆ. ಅಂಚೆಡಬ್ಬಿಗೆ ಹಾಕಿ ಬಂದು ಸ್ಯಾಂಡ್‌ವಿಚ್ ತಿಂದೆ. ಚೆನ್ನಾಗೇ ಇತ್ತು. ಇನ್ನೂ ಪಶ್ಚಾತ್ತಾಪ ಬಂದಿಲ್ಲ. ಬಂದರೆ ತಿಳಿಸುತ್ತೇನೆ.

ರೇಖಾಗಣಿತದ ಮಾತು ಬರೆಯಬಾರದಿತ್ತು. ಅದನ್ನು ಬರೆಯುವಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಡಾರ್ಲಾ ನಿನ್ನ ಥರ ನಕ್ಕದ್ದು ನೆನಪಾಯಿತು, ಕುಟ್ಟಿಬಿಟ್ಟೆ.

ನಿನ್ನ ಕಾರಣಗಳನ್ನು ಎರಡು ಸಲ ಓದಿದೆ. ಉತ್ತರ ಹುಡುಕಲು ಓದಿದೆ. ಸಿಕ್ಕಲಿಲ್ಲ ಅಂತ ಇನ್ನಷ್ಟು ಉರಿಯಿತು.

ನಡೀನ್

*

ಅಟ್ಲಾಂಟಾ
2 ಆಗಸ್ಟ್ 1992

ನಡೀನ್,

ಆಗಸ್ಟ್ ಹತ್ತೊಂಬತ್ತಕ್ಕೆ ನಾನು ವರದಿ ಮಂಡಿಸಬೇಕು. ರೆಸಾರ್ಟಿನ ದೊಡ್ಡ ಯಜಮಾನರಲ್ಲೊಬ್ಬರಾದ ಲ್ಯಾಥಮ್ ಅವರಿಗೆ ನನ್ನ "ಬೇಡ" ಹಿಡಿಸಿಲ್ಲ. ಹೋಗಲು ಒಂದು ಬರಲು ಒಂದು ಅಂತ ಎರಡು ತೊಲೆ ಬೇಡ, ಒಂದೇ ಸಾಕು, ಅದರ ಮೇಲೆ ಈಗಿರುವ ರೈಲುಗಳಲ್ಲೇ ಎರಡನ್ನು ಹೋಗಿ ಬಂದು ಮಾಡಿಸೋಣ, ಅಗ್ಗದಲ್ಲಿ ಆಗುತ್ತೆ ಅನ್ನುತ್ತಾರೆ. "ಎರಡು ರೈಲು ಬಿಟ್ಟುಕೊಡಬಹುದೇ ಅಂತ ವರ್ಕ್‌ಶಾಪಿನವರನ್ನೇ ಕೇಳೋಣ. ನಿಮ್ಮ ಅಕ್ಕನ್ನೇ ಕರೆಸೋಣ" ಅಂದರು.

ಅವರು ನಿನ್ನನ್ನು ಕೇಳುತ್ತಾರೆ. ಏನು ಹೇಳಬೇಕು ಅಂತ ನಾನು ಹೇಳುವುದಿಲ್ಲ. ನಿನ್ನ ಪುಸ್ತಕವನ್ನು ನಾನು ನೋಡಿಲ್ಲ, ಆದ್ದರಿಂದ ಅವರ ಮಾತಿಗೆ ನನ್ನ ಹತ್ತಿರ ಉತ್ತರವೂ ಇಲ್ಲ.

ಕೋರಾ

*

ಸೇಂಟ್ ಕ್ಲೌಡ್
23 ಆಗಸ್ಟ್ 1992

ಕೋರಾ,

ನೀನು ಆ ಕೋಣೆಯಲ್ಲೇ ಇದ್ದೆ, ನಡೆದದ್ದನ್ನೆಲ್ಲ ನೋಡಿದೆ. ಆದರೆ ನೀನು ಮೇಜಿನ ಆ ತುದಿಯಲ್ಲಿ ಕೂತಿದ್ದೆ. ಬಾಗಿಲ ಬಳಿ ನಿಂತವಳಿಗೆ ಅದು ಹೇಗೆ ಕಂಡಿತು ಅಂತ ಹೇಳುತ್ತೇನೆ. ನಾನು ನಿನ್ನನ್ನು ಮಾತಾಡಿಸದೆ ಹೊರಟುಹೋದೆ ಅಂತ ನೀನು ಅಂದುಕೊಂಡಿರುತ್ತೀಯ.

ಹಿಂದಿನ ದಿನ ಹೋಬರ್ಟ್ ಕರೆದು ಕಾಫಿ ಕೊಟ್ಟ. ಹದಿನೇಳು ವರ್ಷದಲ್ಲಿ ಮೊದಲನೇ ಸಲ. "ಆಗುತ್ತೆ ಅಂತ ಒಂದು ಮಾತು ಹೇಳಿಬಿಡು ನಡೀನ್. ಹೊಸ ದಾರಿಗೆ ಹೊಸ ವರ್ಕ್‌ಶಾಪು ಬರುತ್ತೆ, ಅದಕ್ಕೆ ನೀನೇ ಯಜಮಾನ್ತಿ. ಲ್ಯಾಥಮ್ ಬಾಯಿಂದಲೇ ಬಂದ ಮಾತು ಇದು" ಅಂದ.

ಹೇಳಬೇಕು ಅಂತಲೇ ಬಂದೆ. ಸುಳ್ಳು ಯಾಕೆ ಹೇಳಲಿ? ದಾರಿಯುದ್ದಕ್ಕೂ "ಆಗುತ್ತೆ ಸರ್, ಆಗುತ್ತೆ ಸರ್" ಅಂತ ಬಾಯಿಪಾಠ ಮಾಡಿಕೊಂಡು ಬಂದೆ. ಒಂದೇ ಮಾತಿಗೆ ನನ್ನ ರೈಲೂ ಮೂರನೇ ಪಾರ್ಕಿಗೆ ಹೋಗುತ್ತಿತ್ತು, ನಿನ್ನ ಆರು ತಿಂಗಳ ಕೆಲಸವೂ ಮಣ್ಣುಪಾಲಾಗುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಅಂತ ಕೇಳಬೇಡ.

ನಾನು ಒಳಗೆ ಬಂದಾಗ ನೀನು ನೀಲಿ ಜಾಕೆಟ್ಟು ಹಾಕಿಕೊಂಡು ಎದ್ದು ನಿಂತು ಮಾತಾಡುತ್ತಿದ್ದೆ. ಹನ್ನೊಂದು ಜನ ಗಂಡಸರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನಮ್ಮ ಮನೆಯವರ ಮಾತನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ನೋಡಿದ್ದೇ ಇಲ್ಲ.

ಲ್ಯಾಥಮ್ ಕೇಳಿದ. "ಏನ್ ನಡೀನ್, ಹತ್ತು ರೈಲಿವೆ. ಎರಡನ್ನ ಬಿಟ್ಟುಕೊಟ್ಟರೆ ಮಿಕ್ಕ ಎಂಟರಲ್ಲಿ ನೀವು ಸಂಭಾಳಿಸ್ತೀರಲ್ವಾ?"

ನೀನು ನನ್ನ ಕಡೆ ನೋಡಲಿಲ್ಲ. ಕಾಗದ ನೋಡುತ್ತಿದ್ದೆ. ನೋಡಿದ್ದರೆ, ಒಂದೇ ಒಂದು ಸಲ ಬೇಡುವ ಹಾಗೆ ನೋಡಿದ್ದರೆ, ಖಂಡಿತ ಆಗುತ್ತೆ ಅಂದುಬಿಡುತ್ತಿದ್ದೆ.

ಆ ಬೆಳಗ್ಗೆ ಹಸಿರು ರೈಲಿನ ಬಾಗಿಲ ಮೋಟರು ಸತ್ತಿತ್ತು. ಬಿಡಿ ಮೋಟರು ಎಲ್ಲಿದೆ? ಮೂಲೆಯಲ್ಲಿ ನಿಂತ ಹಳದಿಯಿಂದ ಕಿತ್ತು ಹಸಿರಿಗೆ ಹಾಕಿದೆ. ಕೈ ತೊಳೆದು ಬಂದಿದ್ದೆ, ಆದರೂ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. ಆ ಹಸಿರು ರೈಲನ್ನು ಅಷ್ಟು ಹೊತ್ತಿಗೆ ಓಡಿಸುತ್ತಿದ್ದವಳು ಡಾರ್ಲಾ. ನಾಳೆ ಹೊಸ ದಾರಿಯಲ್ಲೂ ಅವಳೇ. ಒಂಟಿ ತೊಲೆ, ಜೌಗಿನ ಮಧ್ಯೆ, ನಲವತ್ತಡಿ ಮೇಲೆ, ಕೆಟ್ಟು ನಿಂತರೆ ಪಕ್ಕಕ್ಕೆ ಇನ್ನೊಂದು ರೈಲು ತಂದು ಜನರನ್ನು ಇಳಿಸಲೂ ಆಗದು.

"ಇಲ್ಲ ಸರ್" ಅಂತ ಬಾಯಿಂದ ಬಂತು. "ಹತ್ತು ಅಂತ ನೀವಂದುಕೊಂಡಿದ್ದೀರಿ. ಓಡೋದು ಏಳು. ಮೂರನ್ನ ತಿಂದೇ ಆ ಏಳು ಬದುಕಿರೋದು. ಎರಡು ತಗೊಂಡ್ರೆ ಐದಕ್ಕೆ ಬರ್ತೀವಿ, ವರ್ಷದೊಳಗೆ ನಾಲ್ಕಕ್ಕೆ."

ಆಗ ಅವನು, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ ಮುಖ ಕೆಂಪಗೆ ಮಾಡಿಕೊಂಡು ಕೇಳಿದ.

"ನೀವ್ಯಾರೂ ಕೇಳಲಿಲ್ಲ. ಕೇಳಿದವಳು ಒಬ್ಬಳೇ, ಅವಳಿಗೆ ನಾನು ಹೇಳಲಿಲ್ಲ" ಅಂದೆ. ಜೇಬಿನಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟೆ. ಅದನ್ನು ಯಾಕೆ ಜೇಬಿಗೆ ಹಾಕಿಕೊಂಡು ಬಂದಿದ್ದೆ ಅಂತ ನನಗೇ ಗೊತ್ತಿಲ್ಲ.

ಅಷ್ಟೇ. ನಿನಗಾಗಿ ಹೇಳಿದೆ ಅಂತ ತಿಳಿದು ಹಿಗ್ಗಬೇಡ. ನನ್ನ ರೈಲಿನ ಬಗ್ಗೆ ಯಂತ್ರ ಗೊತ್ತಿಲ್ಲದವನ ಮುಂದೆ ಸುಳ್ಳು ಹೇಳಲು ಆಗಲಿಲ್ಲ. ಹೋಬರ್ಟ್ ಆವತ್ತಿನಿಂದ ಮಾತು ಬಿಟ್ಟಿದ್ದಾನೆ.

ಹೊರಗೆ ಬಂದು ಪಾರ್ಕಿಂಗಿನಲ್ಲಿ ನನ್ನ ಗಾಡಿಯೊಳಗೆ ಕೂತು ಅತ್ತೆ. ಮೂರು ವರ್ಷ ಕಾದದ್ದನ್ನು ನಾನೇ ಕೊಂದು ಬಂದಿದ್ದೆ, ನಿನ್ನ ಮಾತನ್ನು ಗೆಲ್ಲಿಸಿ.

ನಡೀನ್

*

ಅಟ್ಲಾಂಟಾ
13 ಸೆಪ್ಟೆಂಬರ್ 1992

ಪ್ರೀತಿಯ ನಡೀನ್,

ನಿನ್ನ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಮೂರರಲ್ಲೂ ಧನ್ಯವಾದ ಇತ್ತು, ನಿನಗದು ಸೇರುವುದಿಲ್ಲ.

ಮೇಲಿನವರು ತೀರ್ಮಾನಿಸಿದ್ದಾರೆ. ಹೊಸ ತೊಲೆ ಇಲ್ಲ. ಅರವತ್ತು ಬಸ್ಸು ಬರುತ್ತವೆ. ನಿನ್ನ ಪುಸ್ತಕ ಓದಿದ ಮೇಲೆ, ಹಳೆಯ ದಾರಿಗೆ ಬೇರೊಂದು ಕಾರ್ಖಾನೆಯಲ್ಲಿ ನಾಲ್ಕು ಹೊಸ ರೈಲು ಮಾಡಿಸಲು ಒಪ್ಪಿದ್ದಾರೆ. ಅದು ನನ್ನ ವರದಿಯಿಂದ ಆದದ್ದಲ್ಲ.

ನೀನು ಕೇಳದ ಒಂದು ಮಾತು. ಇಪ್ಪತ್ತು ವರ್ಷದಲ್ಲಿ ನಾನು ಹದಿನಾಲ್ಕು ಊರಿನ ಹೊಸ ರೈಲು ದಾರಿ ಯೋಜನೆಗಳನ್ನು ಪರೀಕ್ಷೆ ಮಾಡಿ ವರದಿ ಕೊಟ್ಟಿದ್ದೇನೆ. ಹದಿನಾಲ್ಕರಲ್ಲೂ ಕೊನೆಗೆ "ಬೇಡ". ಪ್ರತಿ ಸಲವೂ ಅದು ಸರಿಯೇ. ನಾನು ಕಟ್ಟಿಸಿದ ಒಂದಡಿ ದಾರಿ ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಮಾರ್ಚಿನಲ್ಲಿ ವರ್ಕ್‌ಶಾಪಿಗೆ ಬಂದಾಗ ನೀನು ನನ್ನನ್ನು ನೋಡಿರಲಿಲ್ಲ. ಮೋಟರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದೆ ನೀನು. "ಎಡಗಡೆ ಬೇರಿಂಗು, ಇನ್ನೊಂದು ವಾರ" ಅಂದೆ. ಹುಡುಗರು ಮರುಮಾತಿಲ್ಲದೆ ಬಿಚ್ಚತೊಡಗಿದರು. ನಾನು ಸದ್ದು ಮಾಡದೆ ಹೊರಟುಹೋದೆ. ಆ ರಾತ್ರಿ ಹೋಟೆಲಿನಲ್ಲಿ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ನಿನ್ನೊಬ್ಬಳ ಆಸ್ತಿ ಅಂದುಕೊಂಡಿದ್ದೀಯ.

ಡಾರ್ಲಾ ತನ್ನ ತೀರ್ಮಾನ ನಿನಗೆ ಹೇಳಿರಬಹುದು. ಈ ಸಲ ನಾನು ಹೇಳಿಕೊಟ್ಟದ್ದಲ್ಲ. ನಾನೇ "ಅಮ್ಮನಿಗೆ ಮೊದಲು ಹೇಳು" ಅಂದೆ.

ಕೋರಾ

*

ಸೇಂಟ್ ಕ್ಲೌಡ್
6 ಡಿಸೆಂಬರ್ 1992

ಕೋರಾ,

ಹೇಳಿದಳು. ನನ್ನ ಮಗಳು, ನಾನು ಕಟ್ಟಿದ ಬ್ರೇಕು ಹಿಡಿದವಳು, ಈಗ ಬಸ್ಸು ಓಡಿಸುತ್ತಾಳೆ. "ಅಮ್ಮಾ, ರೈಲಿನಲ್ಲಿ ನನಗೆ ಮುಂದೆ ಹೋಗೋಕೆ ದಾರಿ ಇಲ್ಲ. ಬಸ್ಸಿನವರು ಹೊಸಬರಿಗೆ ಕಲಿಸೋಕೆ ಕರೀತಿದ್ದಾರೆ" ಅಂದಳು. ಎರಡು ವಾರ ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಪಾಪ, ಆ ಬಸ್ಸಿನ ಮೇಲೂ ಕರುಬಿದೆ.

ನಿನ್ನೆ ರಜೆ ಇತ್ತು. ಅವಳಿಗೆ ಹೇಳದೆ ಹೋಗಿ ಅವಳ ಬಸ್ಸು ಹತ್ತಿದೆ, ಮೂರನೇ ಪಾರ್ಕಿಗೆ. ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬೇರಿಸಿದಳು. ಬಸ್ಸು ತುಂಬಿತ್ತು. ಮಕ್ಕಳ ಗಾಡಿಗಳು, ಒದ್ದೆ ಟೋಪಿಗಳು, ಅಳುವ ಕೂಸುಗಳು. ನನ್ನ ಪಕ್ಕದಲ್ಲಿ ಒಹಾಯೊ ಕಡೆಯ ಒಬ್ಬ ಅಜ್ಜ ಕೂತಿದ್ದ. ಜೌಗಿನ ಹತ್ತಿರ ಬಂದಾಗ ದೂರದಲ್ಲಿ ನಮ್ಮ ರೈಲು ಹೋಗುವುದು ಕಂಡಿತು.

"ಅಷ್ಟು ಚೆಂದದ ರೈಲು ಇಟ್ಟುಕೊಂಡು ಇಲ್ಲಿಗೆ ಯಾಕೆ ಎಳೆದಿಲ್ಲ ಇವರು? ತಲೆ ಇಲ್ವಾ?" ಅಂತ ಅಜ್ಜ ಗಟ್ಟಿಯಾಗಿ ಕೇಳಿದ.

ಡಾರ್ಲಾ ಮೈಕಿನಲ್ಲಿ, "ಸರ್, ನಿಮ್ಮ ಪಕ್ಕದಲ್ಲಿ ಕೂತಿರೋರು ನಮ್ಮಮ್ಮ. ಅವರನ್ನೇ ಕೇಳಿ" ಅಂದಳು. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು.

ಹೇಳಿದೆ. ಜೌಗಿನಲ್ಲಿ ಐವತ್ತು ಅಡಿ ಕೆಳಗೆ ಹೋಗಬೇಕು ಅಂದೆ. ರೈಲಿಗೆ ಒಂದೇ ದಿಕ್ಕು ಗೊತ್ತು ಅಂದೆ. ಹಳೆಯದನ್ನು ನಿಲ್ಲಿಸದೆ ಹೊಸದನ್ನು ಕೂಡಿಸಲಾಗದು ಅಂದೆ. ಕೊನೆಗೆ, ರೈಲು ಬಂದವರನ್ನು ಸಾಗಿಸುತ್ತೆ, ಯಾರನ್ನೂ ಕರೆತರುವುದಿಲ್ಲ ಅಂದೆ. ಒಂದು ಮಗುವೂ ಅಳಲಿಲ್ಲ, ಎಲ್ಲರೂ ಕಿವಿಗೊಟ್ಟು ಕೇಳಿದರು. ಇಳಿಯುವಾಗ ಅಜ್ಜ ಟೋಪಿ ತೆಗೆದು, "ಇದನ್ನೆಲ್ಲ ಇಷ್ಟು ಚೆನ್ನಾಗಿ ಯೋಚಿಸಿದ್ದೀರಲ್ಲಮ್ಮ, ನೀವು ಎಂಜಿನಿಯರಾ?" ಅಂತ ಕೇಳಿದ.

ಕನ್ನಡಿಯಲ್ಲಿ ಡಾರ್ಲಾ ನನ್ನನ್ನೇ ನೋಡುತ್ತಿದ್ದಳು.

"ಹೌದು" ಅಂದೆ.

ನಿನ್ನ ಅಕ್ಕ,
ನಡೀನ್